ಹಿತ್ತಾಳೆಯೊಳಗೆ ವಾಲಗದ ಉಸಿರು

ನಂದಿಬೆಟ್ಟದ ಸುತ್ತ ಹುಟ್ಟುವ ನದಿಗಳು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಉತ್ತರ ಪಿನಾಕಿನಿ ಗೌರಿಬಿದನೂರಿನ ಮಗ್ಗುಲಿನಿಂದ ಹಾದು ಆಂಧ್ರಕ್ಕೆ ಇಳಿಯುತ್ತದೆ; ದಕ್ಷಿಣ ಪಿನಾಕಿನಿ ತಮಿಳುನಾಡಿನ ದಾರಿ ಹಿಡಿಯುತ್ತದೆ; ಅರ್ಕಾವತಿ ಹೋಗಿ ಕಾವೇರಿಯ ಮಡಿಲು ಸೇರುತ್ತದೆ. ಬೆಟ್ಟದ ಬುಡದಲ್ಲಿ ಭೋಗನಂದೀಶ್ವರನ ಗುಡಿ. 9ನೆಯ ಶತಮಾನದ ಆದಿಯ ಶಾಸನಗಳಲ್ಲೇ ಹೆಸರು ಪಡೆದ ಪುರಾತನ ಸ್ಥಾನ ಅದು. ಶಿವರಾತ್ರಿ ಕಳೆದು ತೇರು ಹೊರಡುವ ಹೊತ್ತಿಗೆ, ಚಕ್ರಕ್ಕೆ ಸನ್ನೆ ಕೊಡುವವರ ಕೂಗಿನ ಮೇಲೆ, ಜನದ ಗದ್ದಲದ ಮೇಲೆ, ಬಿಸಿಲಿನ ಮೇಲೆ ಎಂದರೂ ಸರಿಯೇ, ಎದ್ದು ನಿಲ್ಲುವುದು ಒಂದೇ ದನಿ. ಅದು ವಾಲಗ.

ಪುಸ್ತಕದವರು ಅದನ್ನು ನಾಗಸ್ವರ ಎನ್ನುತ್ತಾರೆ. ನಮ್ಮ ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಮದುವೆ ಗೊತ್ತಾಯಿತೆಂದರೆ ಹಿರಿಯರ ಮೊದಲ ಮಾತು "ವಾಲಗಕ್ಕೆ ಹೇಳಿದಿರಾ?" ಎಂಬುದೇ. ಅಡುಗೆಯವರ ವಿಚಾರ ಆಮೇಲೆ. ಆದರೆ ಒಂದು ತಲೆಮಾರಿನಿಂದೀಚೆಗೆ ಆ ಪ್ರಶ್ನೆಗೆ ಬಾಲವೊಂದು ಬೆಳೆದಿದೆ: "ವಾಲಗಾನೋ, ಸ್ಯಾಕ್ಸೋಫೋನೋ?" ಚಪ್ಪರದ ಕೆಳಗೆ ಡೋಲಿನವರ ಪಕ್ಕದಲ್ಲಿ, ಚಕ್ಕಳಮಕ್ಕಳ ಹಾಕಿ, ಪಂಚೆಯುಟ್ಟು, ಹಣೆಗೆ ಕುಂಕುಮವಿಟ್ಟು, ತೊಡೆಯ ಮೇಲೆ ಹೊಳೆಯುವ ಹಿತ್ತಾಳೆಯ ವಾದ್ಯವನ್ನು ಮಲಗಿಸಿಕೊಂಡು ಕುಳಿತವನನ್ನು ಇಂದು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಮಕ್ಕಳಂತೂ ಅದು ಅನಾದಿಯಿಂದ ಅಲ್ಲೇ ಇತ್ತೆಂದು ನಂಬಿವೆ. ಅದು ಅಲ್ಲಿಗೆ ಬಂದು ಕುಳಿತ ಬಗೆಯನ್ನು ಹೇಳಬೇಕಾದರೆ ನಮ್ಮ ಸೀಮೆಯನ್ನು ಬಿಟ್ಟು ಕರಾವಳಿಗೂ, ಮುಂಬಯಿಗೂ, ಅಮೆರಿಕಕ್ಕೂ ಹೋಗಿಬರಬೇಕು.

ಬೆಲ್ಜಿಯಂ ದೇಶದ ದಿನಾಂ ಎಂಬ ಊರಿನಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ತನ್ನ ಹೆಸರನ್ನೇ ಇಟ್ಟು ಈ ವಾದ್ಯವನ್ನು ಮಾಡಿದ. 1846ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ಹಕ್ಕುಪತ್ರ ಪಡೆದ. ಮೈಯೆಲ್ಲ ಲೋಹ, ಬಾಯಲ್ಲಿ ಮಾತ್ರ ದಂಟಿನ ಒಂದು ಸೀಳು. ಸೈನ್ಯದ ಬ್ಯಾಂಡುಗಳಿಗೆ ಅದು ಬೇಗ ಹಿಡಿಸಿತು. ಮಾಡಿದವನಿಗೆ ಅದರಿಂದ ಸುಖ ಸಿಗಲಿಲ್ಲ. ವ್ಯಾಜ್ಯಗಳಲ್ಲಿ ಸವೆದು, ಬಡವನಾಗಿ 1894ರಲ್ಲಿ ಸತ್ತ.

ಅದೇ 1894ರಲ್ಲಿ ಮೈಸೂರಿನ ಸಿಂಹಾಸನಕ್ಕೆ ಬಂದ ಬಾಲಕ ನಾಲ್ವಡಿ ಕೃಷ್ಣರಾಜ ಒಡೆಯರು. ಎಂಟು ವಾದ್ಯಗಳನ್ನು ಬಲ್ಲ ದೊರೆಯೆಂದು ಅವರಿಗೆ ಖ್ಯಾತಿ. ಆ ಎಂಟರ ಪಟ್ಟಿಯಲ್ಲಿ ವೀಣೆ, ಕೊಳಲು, ಪಿಟೀಲುಗಳ ಜೊತೆಗೆ ನಾಗಸ್ವರವೂ ಇದೆ, ಸ್ಯಾಕ್ಸೋಫೋನೂ ಇದೆ. ಒಬ್ಬನೇ ಅರಸನ ತುಟಿಗೆ ಎರಡೂ ತಾಗಿದ್ದವು ಎನ್ನುವ ಸಂಗತಿಯನ್ನು ಚರಿತ್ರೆ ಬರೆದವರು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅಲ್ಲಿಂದ ಮುಂದಕ್ಕೆ ಹೋಗಲು ಮನಸ್ಸಾಗುವುದಿಲ್ಲ. ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡ್ ಬೇರೆ, ಕರ್ನಾಟಕ ಬ್ಯಾಂಡ್ ಬೇರೆ; ಜರ್ಮನಿಯಿಂದ ಬಂದ ಆಟೋ ಶ್ಮಿಟ್ ಅಲ್ಲಿ ವಾದ್ಯವೃಂದ ನಡೆಸುತ್ತಿದ್ದ. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನಗಿರಿ ಮಾಡಿದ್ದು ಇದೇ ದೊರೆಯ ಕಾಲದಲ್ಲಿ. ಗೌರಿಬಿದನೂರು ಸೀಮೆಯ ಚಿಂತಲಪಲ್ಲಿಯ ಗಾಯಕ ಮನೆತನದ ವೆಂಕಟರಾಯರು ಹಾಡಿದ್ದೂ ಮೈಸೂರಿನ ಆಸ್ಥಾನದಲ್ಲಿಯೇ. ಲೆಕ್ಕಕ್ಕೂ ರಾಗಕ್ಕೂ ನಮ್ಮ ಬಯಲುಸೀಮೆ ಮೈಸೂರಿಗೆ ಜನ ಕೊಟ್ಟಿತ್ತು. ಆದರೆ ಸ್ಯಾಕ್ಸೋಫೋನು ಆಗಿನ್ನೂ ಸಮವಸ್ತ್ರ ತೊಟ್ಟ ಬ್ಯಾಂಡಿನ ಸಂಬಳಗಾರ. ದಸರೆಯಲ್ಲಿ ಮೆರವಣಿಗೆಯೊಡನೆ ಹೋಗುವುದು, ಮಿಕ್ಕ ದಿನ ಪೆಟ್ಟಿಗೆಯಲ್ಲಿ ಮಲಗುವುದು. ರಾಗಕ್ಕೂ ತನಗೂ ಸಂಬಂಧವುಂಟೆಂದು ಅದಕ್ಕೇ ಗೊತ್ತಿರಲಿಲ್ಲ.

ಗೊತ್ತು ಮಾಡಿಸಿದವನು ಹುಟ್ಟಿದ್ದು 1949ರ ಡಿಸೆಂಬರ್ 6ರಂದು, ನೇತ್ರಾವತಿಯ ಸೀಮೆಯಲ್ಲಿ, ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು, ತಾಯಿ ಗಂಗಮ್ಮ. ಮಗುವಿಗೆ ಮೊದಲ ಪಾಠ ತಂದೆಯದು, ಮೊದಲ ವಾದ್ಯ ನಾಗಸ್ವರ. ಒಮ್ಮೆ ಮೈಸೂರಿಗೆ ಹೋದಾಗ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನು ಹುಡುಗನ ಕಿವಿಗೆ ಬಿತ್ತು. ಆಮೇಲೆ ಅವನಿಗೆ ಬೇರೆ ಯಾವುದೂ ರುಚಿಸಲಿಲ್ಲ. ನಾಗಸ್ವರದ ಮನೆಯ ಮಗ ಮನೆಯ ವಾದ್ಯವನ್ನು ಕೆಳಗಿಟ್ಟು ಬ್ಯಾಂಡಿನವರ ವಾದ್ಯವನ್ನು ಎತ್ತಿಕೊಂಡ. ಆ ಹುಡುಗನೇ ಮುಂದೆ ಕದ್ರಿ ಗೋಪಾಲನಾಥ್.

ಎತ್ತಿಕೊಂಡದ್ದೇನೋ ಒಂದು ಗಳಿಗೆಯ ಕೆಲಸ. ಅದರಿಂದ ಕರ್ನಾಟಕ ಸಂಗೀತ ಹೊರಡಿಸಲು ಹೆಚ್ಚುಕಡಿಮೆ ಇಪ್ಪತ್ತು ವರ್ಷ ಬೇಕಾಯಿತು. ಏಕೆಂದು ತಿಳಿಯಬೇಕಾದರೆ ಎರಡೂ ವಾದ್ಯಗಳ ಮೈ ನೋಡಬೇಕು. ನಾಗಸ್ವರ ಮರದ ಕೊಳವೆ. ಅದರ ಏಳು ತೂತುಗಳ ಮೇಲೆ ಬರಿಯ ಬೆರಳು. ತೂತನ್ನು ಅರ್ಧ ಮುಚ್ಚಬಹುದು, ಕಾಲುಭಾಗ ತೆರೆಯಬಹುದು, ಬೆರಳನ್ನು ಎಣ್ಣೆಯಂತೆ ಜಾರಿಸಬಹುದು. ಬಾಯಲ್ಲಿ ಹಿಡಿಯುವ ದಂಟಿನ ಸೀವಾಳಿಯ ಮೇಲೆ ತುಟಿ ಬಿಗಿಸಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಗಮಕವೆಂಬುದು ಹುಟ್ಟುವುದೇ ಆ ಅರೆತೆರೆದ ಬಾಗಿಲಿನಲ್ಲಿ. ಸ್ಯಾಕ್ಸೋಫೋನಿನಲ್ಲಿ ಬೆರಳು ತೂತನ್ನು ಮುಟ್ಟುವುದೇ ಇಲ್ಲ. ಗುಂಡಿ ಒತ್ತಿದರೆ ಮುಚ್ಚಳ ಬೀಳುತ್ತದೆ, ಬಿಟ್ಟರೆ ಏಳುತ್ತದೆ. ನಡುವಿನ ನಿಲುವು ಅದಕ್ಕೆ ಒಲ್ಲದ್ದು. ಒಂದು ಸ್ವರದಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತಿದಂತೆ ಹೋಗಬೇಕೇ ವಿನಾ ಇಳಿಜಾರಿನಲ್ಲಿ ನಡೆದಂತೆ ಹೋಗಲಾಗದು. ಹಾಗೆ ನುಡಿಸಿದ ಶಂಕರಾಭರಣ ಕವಾಯತಿನಂತೆ ಕೇಳುತ್ತದೆ. ತೋಡಿಯಂತೂ ತೋಡಿಯೇ ಆಗದು, ಏಕೆಂದರೆ ತೋಡಿಯ ಗಾಂಧಾರ ನಿಂತಲ್ಲಿ ನಿಲ್ಲುವ ಸ್ವರವಲ್ಲ.

ಗೋಪಾಲನಾಥರು ಬೆರಳು ಮಾಡಲಾರದ ಕೆಲಸವನ್ನು ತುಟಿಗೂ ಗಂಟಲಿಗೂ ಉಸಿರಿಗೂ ವಹಿಸಿದರು. ವಾದ್ಯದ ಕೀಲುಗಳಲ್ಲಿಯೂ ತಮಗೆ ಬೇಕಾದ ಮಾರ್ಪಾಟು ಮಾಡಿಕೊಂಡರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರು ಪಾಠ ಹೇಳಿದರು. ಗುರುಗಳಿಗೆ ಈ ವಾದ್ಯದ ಸಂಪ್ರದಾಯ ಎಲ್ಲಿಂದ ಬರಬೇಕು? ಅವರು ಹಾಡಿ ತೋರಿಸುವುದು, ಶಿಷ್ಯ ಹಿತ್ತಾಳೆಯಲ್ಲಿ ಅದನ್ನು ಹುಡುಕುವುದು. ಮುಂದೆ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರ ಆಶ್ರಯ ದೊರೆಯಿತು. ಅವರು ಚೆಂಬೈ ವೈದ್ಯನಾಥ ಭಾಗವತರ ಶಿಷ್ಯರು, ಗಾಯನದಲ್ಲೂ ಮೃದಂಗದಲ್ಲೂ ಸಮಾನ ನಿಪುಣರು. ಚೆಂಬೈ ಸ್ಮಾರಕ ಟ್ರಸ್ಟಿನ ವೇದಿಕೆಯಲ್ಲಿ ಗೋಪಾಲನಾಥರ ಕಚೇರಿ ನಡೆಯಿತು. ಹೊಗಳಿಕೆಯವರು ಆಮೇಲಿನ ಬಿರುದು, ಬಹುಮಾನ, ವಿದೇಶ ಯಾತ್ರೆಗಳನ್ನು ಎಣಿಸುತ್ತಾರೆ. ನನ್ನ ಮಟ್ಟಿಗೆ ಆ ಇಪ್ಪತ್ತು ವರ್ಷವೇ ಕಥೆ. ಮಿಕ್ಕದ್ದು ಅದರ ಸಂಬಳ.

ಇತ್ತ ಮಂಗಳೂರಿನಲ್ಲಿ ಇದು ನಡೆಯುತ್ತಿದ್ದಾಗ ಅಮೆರಿಕದ ಕರಿಯರ ಜಾಜ್ ಸಂಗೀತದಲ್ಲಿ ಈ ವಾದ್ಯ ಅರಸಾಗಿ ಬಹಳ ಕಾಲ ಕಳೆದಿತ್ತು. ಅಲ್ಲಿ ಹೆಚ್ಚು ಗೌರವ ಟೆನರ್‌ಗೆ. ಸ್ಯಾಕ್ಸೋಫೋನಿನ ಬಳಗದಲ್ಲಿ ಆಲ್ಟೋ ಕಿರಿದು, ದನಿ ಎತ್ತರ. ಟೆನರ್ ದೊಡ್ಡದು, ದನಿ ತಗ್ಗು. ವಾಲಗದವರ ಮಾತಿನಲ್ಲಿ ಹೇಳುವುದಾದರೆ ಒಂದು ತಿಮಿರಿ, ಇನ್ನೊಂದು ಬಾರಿ. ಕೋಲ್ಮನ್ ಹಾಕಿನ್ಸ್ 1939ರಲ್ಲಿ ಟೆನರ್ ಹಿಡಿದು ‘ಬಾಡಿ ಅಂಡ್ ಸೋಲ್’ ಮುದ್ರಿಸಿದಂದಿನಿಂದ ಆ ವಾದ್ಯದ ಹಿರಿತನ ಸ್ಥಿರವಾಯಿತು. ಸಾನಿ ರಾಲಿನ್ಸ್ ಎಂಬ ಟೆನರ್ ವಾದಕ ಹೆಸರು ಉತ್ತುಂಗದಲ್ಲಿದ್ದಾಗಲೇ, 1959ರಲ್ಲಿ, ಕಚೇರಿಗಳನ್ನು ನಿಲ್ಲಿಸಿ ಎರಡು ವರ್ಷದಷ್ಟು ಕಾಲ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ಒಬ್ಬನೇ ನಿಂತು ಸಾಧನೆ ಮಾಡಿದ. ಅರವತ್ತರ ದಶಕ ಮುಗಿಯುವ ಮುನ್ನ ಮುಂಬಯಿಯ ಪವೈ ಆಶ್ರಮಕ್ಕೆ ಬಂದು ತಂಗಿದ. ಜಾನ್ ಕೋಲ್ಟ್ರೇನ್ 1961ರಲ್ಲಿ ‘ಇಂಡಿಯಾ’ ಎಂಬ ಹೆಸರಿನಲ್ಲೇ ಒಂದು ಕೃತಿ ನುಡಿಸಿದ. 1965ರಲ್ಲಿ ಹುಟ್ಟಿದ ಮಗನಿಗೆ ಸಿತಾರಿನ ರವಿಶಂಕರರ ಮೇಲಿನ ಗೌರವದಿಂದ ರವಿ ಎಂದು ಹೆಸರಿಟ್ಟ. 1967ರಲ್ಲಿ, ನಲವತ್ತರ ಹರೆಯದಲ್ಲಿ ತೀರಿಕೊಂಡ. ಹೀಗೆ ಟೆನರ್‌ನ ಹಿರಿಯರು ಪೂರ್ವಕ್ಕೆ ಮುಖಮಾಡಿ ಏನನ್ನೋ ಹುಡುಕುತ್ತಿದ್ದರು. ಅವರು ಹುಡುಕುತ್ತಿದ್ದುದು ಅವರದೇ ವಾದ್ಯದಲ್ಲಿ, ಪಶ್ಚಿಮ ಘಟ್ಟದ ಕೆಳಗೆ, ಒಬ್ಬ ನಾಗಸ್ವರದವರ ಮಗನ ಬಾಯಲ್ಲಿ ರೂಪುಗೊಳ್ಳುತ್ತಿತ್ತು. ಇಬ್ಬರಿಗೂ ಅದರ ಅರಿವಿಲ್ಲ.

ಮುಂಬಯಿಯಲ್ಲಿ 1978ರಲ್ಲಿ ‘ಜಾಜ್ ಯಾತ್ರಾ’ ಎಂಬ ಉತ್ಸವ ಮೊದಲಾಯಿತು. ಆ ನಗರದ ಜಾಜ್ ಉತ್ಸವದಲ್ಲಿ 1980ರಲ್ಲಿ ಗೋಪಾಲನಾಥರು ನುಡಿಸಿದರು. ಕೇಳುತ್ತಿದ್ದವರಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದ ಜಾನ್ ಹ್ಯಾಂಡಿ ಇದ್ದ. ಈ ಹ್ಯಾಂಡಿ ಸಾಮಾನ್ಯನಲ್ಲ. ಲೆಸ್ಟರ್ ಯಂಗ್ ಎಂಬ ಮಹಾ ಟೆನರ್ ವಾದಕ 1959ರಲ್ಲಿ ಸತ್ತಾಗ ಜಾಜ್ ರಚನಕಾರ ಚಾರ್ಲ್ಸ್ ಮಿಂಗಸ್ ರಚಿಸಿದ ಶೋಕಗೀತೆಯಲ್ಲಿ ಟೆನರ್ ನುಡಿಸಿದವನು ಅವನೇ. 1975ರಲ್ಲಿ ಅಲಿ ಅಕ್ಬರ್ ಖಾನರ ಸರೋದಿನೊಡನೆ ‘ಕರುಣಾ ಸುಪ್ರೀಂ’ ಧ್ವನಿಮುದ್ರಿಸಿದವನೂ ಅವನೇ. ಭಾರತದ ರಾಗ ಅವನಿಗೆ ಹೊಸದಲ್ಲ, ಸ್ಯಾಕ್ಸೋಫೋನು ಹೊಸದಲ್ಲ. ಇವೆರಡೂ ಒಂದೇ ಮೈಯಲ್ಲಿ ಬಂದದ್ದು ಹೊಸದು. ತಾನೂ ಜೊತೆಗೆ ನುಡಿಸಬೇಕೆಂದು ಕೇಳಿ ವೇದಿಕೆ ಹತ್ತಿದ. ಗೋಪಾಲನಾಥರ ಹೆಸರು ಹೊರದೇಶ ದಾಟಿದ್ದು ಅಲ್ಲಿಂದ: ಪ್ರಾಗ್, ಬರ್ಲಿನ್, ಪ್ಯಾರಿಸ್, ಮೆಕ್ಸಿಕೋ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿಬಿಸಿ ಪ್ರಾಮ್ಸ್. ಕರ್ನಾಟಕ ಸಂಗೀತದವರಿಗೆ ಅಲ್ಲಿಂದ ಬಂದ ಮೊದಲ ಆಹ್ವಾನ ಅದು.

ಇದೇ ಕಾಲದಲ್ಲಿ ಬೆಂಗಳೂರಿನಲ್ಲಿ ಇದಕ್ಕೆ ತಿರುಗುಮುರುಗಾದ ಒಂದು ಪ್ರಸಂಗ ನಡೆಯಿತು. ಬಾಸ್ಟನ್‌ನಲ್ಲಿ 1923ರಲ್ಲಿ ಹುಟ್ಟಿದ ಚಾರ್ಲಿ ಮರಿಯಾನೊ ಕೂಡ ಮಿಂಗಸ್ಸನ ಗರಡಿಯಿಂದ ಬಂದ ಆಲ್ಟೋ ವಾದಕ. ಅವನು ನಾಗಸ್ವರಕ್ಕೆ ಮನಸೋತು, ಪೂರ್ವದೇಶಗಳಲ್ಲಿ ಅಲೆದು ಅದನ್ನು ಕಲಿತ. ಸಜಿಪದ ಹುಡುಗ ನಾಗಸ್ವರ ಬಿಟ್ಟು ಸ್ಯಾಕ್ಸೋಫೋನ್ ಹಿಡಿದ. ಬಾಸ್ಟನ್ನಿನ ಜಾಜ್ ಪಂಡಿತ ಸ್ಯಾಕ್ಸೋಫೋನಿನ ಪಕ್ಕದಲ್ಲಿ ನಾಗಸ್ವರ ಇಟ್ಟುಕೊಂಡ. ಟಿ. ಎ. ಎಸ್. ಮಣಿಯವರು 1964ರಲ್ಲಿ ಕಟ್ಟಿದ ಕರ್ನಾಟಕ ತಾಳವಾದ್ಯ ಕಾಲೇಜಿನ ಬಳಗದೊಡನೆ, ಆರ್. ಎ. ರಮಾಮಣಿಯವರ ಕಂಠದೊಡನೆ ಮರಿಯಾನೊ ನುಡಿಸಿದ ‘ಜ್ಯೋತಿ’ 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆಯಿಂದ ಹೊರಬಂತು. ಇಂದಿಗೂ ಅದನ್ನು ಕೇಳಿದರೆ ಬೆಂಗಳೂರಿನ ಒಂದು ಹಳೆಯ ಸಂಜೆ ಎದುರು ಬಂದಂತಾಗುತ್ತದೆ. ನಮ್ಮಲ್ಲಿ ಅದನ್ನು ಕೇಳಿದವರು ಮಾತ್ರ ಬೆರಳೆಣಿಕೆಯವರು.

ಗೋಪಾಲನಾಥರದು ಹಾಗಾಗಲಿಲ್ಲ. ಅವರ ದನಿ ಕ್ಯಾಸೆಟ್ಟಿನ ಬೆನ್ನೇರಿ ಊರೂರಿಗೆ ಹೋಯಿತು. ಎ. ಕನ್ಯಾಕುಮಾರಿಯವರ ಪಿಟೀಲು ಎಷ್ಟೋ ಕಚೇರಿಗಳಲ್ಲಿ, ಮುದ್ರಣಗಳಲ್ಲಿ ಅವರಿಗೆ ಜೊತೆ. ಆ ಜೋಡಿಯಲ್ಲಿ ಪಿಟೀಲು ಹಿಂಬಾಲಿಸುವುದಿಲ್ಲ, ವಾದಕ್ಕೆ ನಿಲ್ಲುತ್ತದೆ. ಅವರನ್ನು ಮನೆಮನೆಗೆ ಪರಿಚಯಿಸಿದ್ದು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಕದನಕುತೂಹಲ ರಾಗದ ‘ರಘುವಂಶ ಸುಧಾ’. ಇದರಲ್ಲೊಂದು ಸೊಗಸಿದೆ. ಬ್ಯಾಂಡಿನ ನಡಿಗೆಯ ಛಾಯೆಯುಳ್ಳ ರಾಗ ಅದು. ಅರಮನೆಯ ಬ್ಯಾಂಡಿನಿಂದ ಕಳಚಿಕೊಂಡು ಬಂದ ವಾದ್ಯ ಅದೇ ನಡಿಗೆಯಲ್ಲಿ, ಆದರೆ ಗಮಕದ ಗೆಜ್ಜೆ ಕಟ್ಟಿಕೊಂಡು, ಜನರ ಎದುರಿಗೆ ಬಂತು. ಪಂಡಿತರು ಅವರ ಕಲ್ಯಾಣಿ, ತೋಡಿಗಳನ್ನು ಮೆಚ್ಚಿದರು. ಚಿಂತಾಮಣಿಯ ಬಸ್ಸಿನಲ್ಲಿ ಕುಳಿತವರಿಗೆ ರಘುವಂಶವೇ ಸಾಕಾಗಿತ್ತು. ನಾನು ಬಸ್ಸಿನವರ ಪಕ್ಷ.

1994ರಲ್ಲಿಯೇ ಕೆ. ಬಾಲಚಂದರ್ ಅವರ ‘ಡ್ಯುಯೆಟ್’ ಎಂಬ ತಮಿಳು ಚಿತ್ರ ಬಂತು, ಸಂಗೀತ ಎ. ಆರ್. ರೆಹಮಾನ್, ಕಥಾನಾಯಕ ಸ್ಯಾಕ್ಸೋಫೋನ್ ವಾದಕ. ಧ್ವನಿಮುದ್ರಣದ ದಿನ ಗೋಪಾಲನಾಥರು ಒಂದಾದ ಮೇಲೊಂದು ರಾಗ ನುಡಿಸುತ್ತ ಹೋದರೂ ನಿರ್ದೇಶಕರಿಗೆ ಒಪ್ಪಿಗೆಯಾಗದೆ, ಕೊನೆಗೆ ಕಲ್ಯಾಣವಸಂತ ಬಂದಾಗ ಒಪ್ಪಿದರೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಅಲ್ಲಿಯವರೆಗೆ ನಮ್ಮ ಸಿನಿಮಾಗಳಲ್ಲಿ ಸ್ಯಾಕ್ಸೋಫೋನು ಕೇಳಿಸಿದರೆ ಅದು ಕ್ಲಬ್ಬಿನ ದೃಶ್ಯ, ಖಳನಾಯಕನ ಕೈಯಲ್ಲಿ ಗಾಜಿನ ಲೋಟ ಎಂದು ತಿಳಿಯಬೇಕಿತ್ತು. ಆ ವಾದ್ಯಕ್ಕೆ ಮಡಿ ಉಡಿಸಿದವರು ಇವರು. ವೇದಿಕೆಗೆ ಬರುವಾಗ ಮಿರುಗುವ ರೇಷ್ಮೆಯ ಜುಬ್ಬ, ಕೈತುಂಬ ಉಂಗುರ, ಹಣೆಯಲ್ಲಿ ಕುಂಕುಮ. ಅಷ್ಟು ಮಿರುಗು ಬೇಕಿತ್ತೇ ಎಂದು ಕೇಳುವ ರಸಿಕರಿದ್ದರು. ನಾವು ಶಿಡ್ಲಘಟ್ಟದ ಕಡೆಯವರು. ಗೂಡು ಬಿಚ್ಚಿ ನೂಲು ತೆಗೆದು ದೇಶಕ್ಕೆಲ್ಲ ಕಳಿಸುವವರು. ರೇಷ್ಮೆ ಮಿರುಗಿದ್ದಕ್ಕೆ ತಕರಾರು ಮಾಡುವುದು ನಮಗೆ ಶೋಭಿಸದು.

ಪ್ರಶಸ್ತಿಗಳು ಬಂದವು: 1996ರಲ್ಲಿ ಸಂಗೀತ ನಾಟಕ ಅಕಾಡೆಮಿ, 2004ರಲ್ಲಿ ಪದ್ಮಶ್ರೀ. ಅಮೆರಿಕದ ಕೊಳಲುವಾದಕ ಜೇಮ್ಸ್ ನ್ಯೂಟನ್ ಜೊತೆ ‘ಸದರ್ನ್ ಬ್ರದರ್ಸ್’ ಬಂತು. ಆದರೆ ಅವರ ಧ್ವನಿಮುದ್ರಣಗಳಲ್ಲಿ ಒಂದನ್ನೇ ಉಳಿಸಿಕೋ ಎಂದರೆ ನಾನು ಕೈಯಿಡುವುದು 2008ರ ‘ಕಿನ್ಸ್‌ಮೆನ್’ ಮೇಲೆ. ಹೆಸರಿನ ಅರ್ಥ ನೆಂಟರು, ರಕ್ತಸಂಬಂಧಿಗಳು.

ಅದರ ಹಿಂದಿನ ಕಥೆ ಒಂದು ತಮಾಷೆಯಿಂದ ಆರಂಭ. ಕರ್ನಾಟಕ ಮೂಲದ ಭೌತವಿಜ್ಞಾನಿಯೊಬ್ಬರ ಮಗ ರುದ್ರೇಶ್ ಮಹಾಂತಪ್ಪ. 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಹುಟ್ಟಿ, ಅಮೆರಿಕದ ಕೊಲರಾಡೋದ ಬೋಲ್ಡರ್‌ನಲ್ಲಿ ಬೆಳೆದು, ಜಾಜ್ ಸ್ಯಾಕ್ಸೋಫೋನನ್ನೇ ಬದುಕೆಂದು ಹಿಡಿದ ಯುವಕ. ಹೆಸರು ನೋಡಿ ಅಲ್ಲಿಯ ಜನ ಅವನಿಗೆ ಭಾರತೀಯ ಸಂಗೀತವೆಲ್ಲ ಕರತಲಾಮಲಕವೆಂದು ತಿಳಿಯುತ್ತಿದ್ದರು. ಅವನು ಬಲ್ಲದ್ದು ಜಾಜ್‌ನ ಆಲ್ಟೋ ವಾದಕ ಚಾರ್ಲಿ ಪಾರ್ಕರನನ್ನು. ಅವನ ಅಣ್ಣ ಒಮ್ಮೆ ನಗೆಯಾಟಕ್ಕೆಂದು ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’ ಎಂಬ ಮುದ್ರಿಕೆಯನ್ನು ತಂದುಕೊಟ್ಟ. ಹಾಕಿ ಕೇಳಿದರೆ ಒಳಗೆ ಗೋಪಾಲನಾಥರು. ತಮ್ಮನಿಗೆ ನಗು ಬರಲಿಲ್ಲ. ತಾನು ಅಲ್ಲಿಯವರೆಗೆ ಕಲಿತ ವಾದ್ಯದಲ್ಲಿ ತನಗೆ ತಿಳಿಯದ ಇನ್ನೊಂದು ಮನೆಯಿದೆ, ಆ ಮನೆಯ ಬಾಗಿಲಲ್ಲಿ ತನ್ನ ತಂದೆತಾಯಿಯ ಭಾಷೆಯ ನೆರಳಿದೆ ಎಂದು ಅವನಿಗೆ ಕಂಡಿತು. 2004ರ ‘ಮದರ್ ಟಂಗ್’ ಎಂಬ ಆಲ್ಬಮ್ಮಿನಲ್ಲಿ ಅವನು ಭಾರತೀಯ ನುಡಿಗಳ ಮಾತಿನ ಏರಿಳಿತವನ್ನೇ ಸ್ವರವಾಗಿಸಿದ. ಅದರ ಒಂದು ಕೃತಿಯ ಹೆಸರು ‘ಕನ್ನಡ’. ಕನ್ನಡಕ್ಕೆ ಜಾಜ್‌ನಲ್ಲಿ ಸಂದ ಆ ಗೌರವವನ್ನು ಯಾವ ಸಾಹಿತ್ಯ ಸಮ್ಮೇಳನದಲ್ಲೂ ಯಾರೂ ಸ್ಮರಿಸಿದ್ದು ನಾನು ಕೇಳಿಲ್ಲ.

ಮುಂದೆ ಅವನು ಚೆನ್ನೈಗೆ ಬಂದು ಗೋಪಾಲನಾಥರ ಮುಂದೆ ಕುಳಿತ. ‘ಕಿನ್ಸ್‌ಮೆನ್’ನಲ್ಲಿ ಎರಡು ಆಲ್ಟೋ ಸ್ಯಾಕ್ಸೋಫೋನುಗಳು, ಒಂದು ಕದ್ರಿಯದು, ಇನ್ನೊಂದು ಕೊಲರಾಡೋದ್ದು. ಕನ್ಯಾಕುಮಾರಿಯವರ ಪಿಟೀಲು, ಪೂವಲೂರ್ ಶ್ರೀಜಿಯವರ ಮೃದಂಗ ಒಂದು ಕಡೆ. ರೆಝ್ ಅಬ್ಬಾಸಿಯ ಗಿಟಾರು, ಕಾರ್ಲೊ ದಿ ರೋಸಾನ ಬಾಸ್, ರಾಯಲ್ ಹಾರ್ಟಿಗನ್‌ನ ಡ್ರಮ್ಸ್ ಇನ್ನೊಂದು ಕಡೆ. ಕೇಳುತ್ತ ಹೋದರೆ ಮೊದಮೊದಲು ಯಾವ ಸ್ಯಾಕ್ಸೋಫೋನು ಯಾರದೆಂದು ಥಟ್ಟನೆ ಗೊತ್ತಾಗುತ್ತದೆ. ರುದ್ರೇಶನದು ಚೂಪು, ಅವಸರ, ಮೂಲೆಮೂಲೆಗೆ ತಿರುಗುವ ನಡೆ. ಗೋಪಾಲನಾಥರದು ಒಂದು ಸ್ವರವನ್ನು ಹಿಡಿದು ಅಲುಗಿಸಿ, ಅದರ ನೆರಳನ್ನೂ ತೋರಿಸಿ, ಬಿಡುವ ರೀತಿ. ‘ಕಲ್ಯಾಣಿ’ ಬರುವ ಹೊತ್ತಿಗೆ ಕಿವಿ ತಪ್ಪತೊಡಗುತ್ತದೆ. ಅಮೆರಿಕದ ಪತ್ರಿಕೆಗಳು ಇದನ್ನು ಪೂರ್ವ ಪಶ್ಚಿಮಗಳ ಬೆಸುಗೆ ಎಂದು ಕೊಂಡಾಡಿದವು. ಬೆಸುಗೆ ಹಾಕುವುದು ಬೇರೆಬೇರೆ ಲೋಹಗಳಿಗೆ. ಇಲ್ಲಿ ಲೋಹ ಒಂದೇ, ಉಸಿರಿನ ಮನೆತನ ಬೇರೆ. ಮನೆತನ ಬೇರೆಯಾದ ನೆಂಟರು ಬಹುಕಾಲದ ಮೇಲೆ ಒಂದೇ ಪಂಕ್ತಿಯಲ್ಲಿ ಕುಳಿತಂತೆ ಅದು.

ಇಷ್ಟೆಲ್ಲ ಹೇಳಿದ ಮೇಲೆ ವಾಲಗದವರ ಲೆಕ್ಕವನ್ನೂ ಹೇಳಬೇಕು. ಗೋಪಾಲನಾಥರ ಕೀರ್ತಿ ಬೆಳೆದಂತೆ ಮದುವೆಮನೆಯವರಿಗೆ ಸ್ಯಾಕ್ಸೋಫೋನೇ ಬೇಕೆನಿಸಿತು. ನಾಗಸ್ವರ ಹತ್ತಿರದಲ್ಲಿ ಕಿವಿಗೆ ಬಡಿಯುತ್ತದೆ, ಅದು ಬಯಲಿನ ವಾದ್ಯ. ಮೈಕು ಹಾಕಿದ ಚೌಲ್ಟ್ರಿಯೊಳಗೆ, ಊಟದ ಮಾತುಕತೆಯ ನಡುವೆ, ಸ್ಯಾಕ್ಸೋಫೋನಿನ ದುಂಡು ದನಿ ಹೊಂದಿಕೊಳ್ಳುತ್ತದೆ. ತಲೆಮಾರುಗಳಿಂದ ನಾಗಸ್ವರ ನುಡಿಸಿದ ಮನೆಗಳ ಮಕ್ಕಳು ಸಾಲ ಮಾಡಿ ಸ್ಯಾಕ್ಸೋಫೋನು ಕೊಂಡರು. ನುಡಿಸಲಾಗದವರು ಹಿಂದೆ ಉಳಿದರು. ವಾಲಗದ ಮನೆಯಲ್ಲಿ ಹುಟ್ಟಿದ ವಿದ್ಯೆಯೇ ವಾಲಗದ ತಟ್ಟೆಗೆ ಕೈಹಾಕಿತು. ಇದಕ್ಕೆ ಗೋಪಾಲನಾಥರನ್ನು ದೂರುವುದು ನ್ಯಾಯವಲ್ಲ; ದೂರದೆ ಇರುವುದಕ್ಕಾಗಿ ಮರೆಯುವುದೂ ನ್ಯಾಯವಲ್ಲ. ಗುಡಿಗಳು ಮಾತ್ರ ಹಟ ಹಿಡಿದಿವೆ. ನಂದಿಯ ತೇರಿನ ಮುಂದೆ ನಾಗಸ್ವರವೇ. ಬಳೆ ಮಾರುತ್ತ ಮಾರುತ್ತ ಯೋಗಿಯಾಗಿ ತೆಲುಗು ಕನ್ನಡ ಎರಡರಲ್ಲೂ ಕೀರ್ತನೆ ಕಟ್ಟಿದ ಕೈವಾರ ತಾತಯ್ಯನವರ ಸನ್ನಿಧಿಯಲ್ಲಿ, ಗುರುಪೂರ್ಣಿಮೆಗೆ ಹಗಲಿರುಳು ಸಂಗೀತ ನಡೆಯುವಾಗ, ನಾಗಸ್ವರದ ಡೋಲಿನ ಬಳಗಗಳಿಗೆ ಇಂದಿಗೂ ಮಣೆಯಿದೆ.

ಕದ್ರಿ ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಕಣ್ಣುಮುಚ್ಚಿದರು. ವಯಸ್ಸು ಅರವತ್ತೊಂಬತ್ತು. ಮಗ ಮಣಿಕಾಂತ್ ಕದ್ರಿ ಚಿತ್ರಸಂಗೀತದ ಹಾದಿ ಹಿಡಿದಿದ್ದಾರೆ.

ಮಾಘ ಫಾಲ್ಗುಣಗಳ ಲಗ್ನದ ದಿನಗಳಲ್ಲಿ ಚಿಂತಾಮಣಿಯ ಯಾವ ಚೌಲ್ಟ್ರಿಗೆ ಹೋದರೂ ಕಾಣುವ ನೋಟ ಒಂದಿದೆ. ತಾಳಿ ಕಟ್ಟುವ ಗಳಿಗೆಗೆ ಪುರೋಹಿತರು ಕೈ ಎತ್ತುತ್ತಾರೆ, ಗಟ್ಟಿಮೇಳ ಭೋರ್ಗರೆಯುತ್ತದೆ, ಅಕ್ಷತೆ ಬೀಳುತ್ತದೆ. ಆ ಸದ್ದು ಇಳಿದ ಮೇಲೆ ಸ್ಯಾಕ್ಸೋಫೋನಿನವನು ಬಾಯಿಯ ತುಂಡನ್ನು ಕಳಚಿ, ದಂಟಿನ ಸೀಳನ್ನು ಪಂಚೆಯ ಅಂಚಿನಿಂದ ಒರೆಸಿ, ತುಟಿಗೆ ಒದ್ದೆ ಮಾಡಿಕೊಂಡು, ಮತ್ತೆ ಸಿಕ್ಕಿಸುತ್ತಾನೆ. ಮುಂದಿನ ಸಾಲಿನಿಂದ ಹಿರಿಯರೊಬ್ಬರು ಬಾಗಿ ಕೇಳುತ್ತಾರೆ:

"ಏನಪ್ಪಾ, ರಘುವಂಶ ಬರುತ್ತೇನು?"

"ಬರುತ್ತೆ ತಾತ, ಕೂತ್ಕೊಳ್ಳಿ. ಡೋಲು ಸ್ವಲ್ಪ ಬಿಗಿ ಮಾಡ್ಕೊಳ್ಳಲಿ."